ಅಲುಗದ ಹಾಸಿಗೆ

ಬೀಗ ರಿಪೇರಿಯವನ ಮನೆಯಲ್ಲಿ ಬೀಗ ಹಾಕಿ ಪ್ರಯೋಜನವಿಲ್ಲ ಎನ್ನುವುದು ನನ್ನ ಹೆಂಡತಿಗೆ ಮದುವೆಯಾದ ವರ್ಷವೇ ತಿಳಿದುಹೋಗಿತ್ತು. ಆದರೂ ನನಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಒಂದು ಪ್ರಯತ್ನ ಮಾಡಿ ನೋಡಿದಳು. ಮೊಮ್ಮಕ್ಕಳಿಗೆಂದು ತಂದ ಬಿಸ್ಕತ್ತಿನ ಡಬ್ಬಿಯನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು, ಪೇಟೆಯಿಂದ ಹೊಸ ಬೀಗ ತಂದು ಜಡಿದಳು. ಮೂರನೆಯ ದಿನ ನೋಡಿದರೆ ಡಬ್ಬಿ ಅರ್ಧ ಖಾಲಿ. ಬೀಗ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು. ಒಂದೇ ವ್ಯತ್ಯಾಸವೆಂದರೆ, ಮೊದಲು ಬಿಗಿಯಾಗಿದ್ದ ಕೀಲಿಕೈ ಈಗ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತಿರುಗುತ್ತಿತ್ತು. ಎಣ್ಣೆ ಬಿಡದೆ ಬೀಗ ಮುಟ್ಟಿ ನನ್ನ ಕೈಗೆ ಅಭ್ಯಾಸವಿಲ್ಲ. ಅದರಿಂದಲೇ ಸಿಕ್ಕಿಬಿದ್ದೆ.

"ನಿಮಗೆ ಬೀಗ ಹಾಕೋದೂ ಒಂದೇ, ಮೀನಿಗೆ ಈಜು ಕಲ್ಸೋದೂ ಒಂದೇ" ಎಂದು ಅವಳು ಆ ಬೀಗವನ್ನೇ ತೆಗೆದುಬಿಟ್ಟಳು.

ಬೀಗ ಹೋದರೂ ಕಾವಲು ಹೋಗಲಿಲ್ಲ. ನಮ್ಮದು ನವಾರು ಪಟ್ಟಿ ಹೆಣೆದ ಹಳೆಯ ಕಬ್ಬಿಣದ ಮಂಚ. ಮೇಲೊಂದು ಹತ್ತಿಯ ಹಾಸಿಗೆ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಂದು ಗಂಟೆ ಅಡ್ಡಾಗುವುದು ನಾನು ಅಂಗಡಿ ಮುಚ್ಚಿದಾಗಿನಿಂದ ಬಂದ ರೂಢಿ. ಆ ಮಂಚ ತಕ್ಕಡಿಯ ಹಾಗೆ. ನಾನು ಈ ಕಡೆಯಿಂದ ಎದ್ದರೆ ಅವಳು ಆ ಕಡೆ ಮೇಲೇಳುತ್ತಿದ್ದಳು. ಮಂಚದ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಕಿರ್ ಅನ್ನದ ಹಾಗೆ ಮಾಡಿಟ್ಟಿದ್ದೆ. ಉಸಿರು ಹಿಡಿದು, ಒಂದೊಂದೇ ಅಂಗವನ್ನು ಬೇರೆಬೇರೆಯಾಗಿ ಕೆಳಗಿಳಿಸುವುದನ್ನೂ ಕಲಿತಿದ್ದೆ. ಆದರೆ ನವಾರಿಗೆ ಯಾವ ಎಣ್ಣೆ ಬಿಡುವುದು? ನನ್ನ ಸೊಂಟ ಮೇಲೆದ್ದ ಕೂಡಲೇ ಅವಳ ಗಂಟಲಿನಿಂದ ಒಂದು ಸಣ್ಣ ಕೆಮ್ಮು ಬರುತ್ತಿತ್ತು. ಕಣ್ಣು ಬಿಡುತ್ತಿರಲಿಲ್ಲ, ಮಾತೂ ಇಲ್ಲ. ಬರೀ ಕೆಮ್ಮು. ನಾನು ನೀರು ಕುಡಿಯಲು ಎದ್ದವನ ಹಾಗೆ ಹೋಗಿ, ಬೇಡದ ನೀರು ಕುಡಿದು, ಬಂದು ಮಲಗುತ್ತಿದ್ದೆ.

ಅವಳು ಸುಮ್ಮನೆ ಕಾಯುತ್ತಿರಲಿಲ್ಲ. ನನ್ನ ಎಡಗಾಲಿನ ಹೆಬ್ಬೆರಳಿಗೆ ಆಗಲೇ ಅರ್ಧ ಸ್ಪರ್ಶ ಹೋಗಿತ್ತು. ಸಿಹಿ ಬಿಡದಿದ್ದರೆ ಮುಂದೆ ಬೆರಳನ್ನೇ ಬಿಡಬೇಕಾದೀತು ಎಂದು ಡಾಕ್ಟರು ಅವಳ ಎದುರಿಗೇ ಹೇಳಿದ್ದರು. ನನಗೂ ಭಯವಿತ್ತು. ಆದರೆ ನನ್ನ ನಾಲಿಗೆ ಬಲು ಧೈರ್ಯಶಾಲಿ.

ಹೀಗಿರುವಾಗ ಅವಳಿಗೆ ಬೆನ್ನುನೋವು ಬಂತು. ನವಾರು ಜೋತುಬಿದ್ದಿದೆ, ಹಲಗೆಯ ಮಂಚ ಮಾಡಿಸಿ, ಮೇಲೆ ಫೋಮ್ ಹಾಸಿಗೆ ಹಾಕಿ ಎಂದರು ಡಾಕ್ಟರು. ಮಗಳ ಸಂಸಾರ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ. ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು, ಡಾಕ್ಟರ ಮಾತು ಎಂದರೆ ಅವಳಿಗೆ ಕಲ್ಲಿನಲ್ಲಿ ಕೊರೆದ ಹಾಗೆ. ವಾರದೊಳಗೆ ಹಲಗೆಯ ಮಂಚ ಬಂತು. ಹಾಸಿಗೆಯನ್ನು ಮಾತ್ರ ನೀವಿಬ್ಬರೇ ಹೋಗಿ, ಮಲಗಿ, ಹೊಂದುತ್ತದೋ ಇಲ್ಲವೋ ನೋಡಿ ತರಬೇಕು ಎಂದು ತಾಕೀತು ಮಾಡಿದಳು.

ಹಾಸಿಗೆಯಂಗಡಿ ಎಂದರೆ ನಾನು ಸುರುಳಿ ಸುತ್ತಿಟ್ಟ ಹಾಸಿಗೆಗಳ ರಾಶಿ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಆಸ್ಪತ್ರೆಯ ವಾರ್ಡಿನ ಹಾಗೆ ಸಾಲಾಗಿ ಮಂಚಗಳು, ರೋಗಿಗಳು ಮಾತ್ರ ಇಲ್ಲ. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ಬಂದು ನಮ್ಮನ್ನು ಅಂಕಲ್, ಆಂಟಿ ಎಂದು ಕರೆದಳು. ಅರವತ್ತೆಂಟು ದಾಟಿದ ನನ್ನವಳನ್ನು ಎಲ್ಲರೂ ಅಜ್ಜಿ ಎನ್ನುವ ಕಾಲ. ಆಂಟಿ ಎನಿಸಿಕೊಂಡ ಮೇಲೆ ಅವಳು ಆ ಟೇಪಿನಾಕೆ ಹೇಳಿದ್ದಕ್ಕೆಲ್ಲ ತಲೆಯಾಡಿಸತೊಡಗಿದಳು.

ಚಪ್ಪಲಿ ಬಿಟ್ಟು ಮಲಗಿ ನೋಡಿ, ನಾಚಿಕೊಳ್ಳಬೇಡಿ ಎಂದಳು ಟೇಪಿನಾಕೆ. ಅಂಗಾತ ಮಲಗಿ ನಡುವಿನ ಕೆಳಗೆ ಕೈ ತೂರಿಸಬೇಕಂತೆ. ಕೈ ಸಲೀಸಾಗಿ ಆಚೆ ಹೋದರೆ ಹಾಸಿಗೆ ಅತಿ ಗಟ್ಟಿ, ಒಳಗೇ ಹೋಗದಿದ್ದರೆ ಅತಿ ಮೆತ್ತಗೆ. ಒಂದು ಬದಿಗೆ ತಿರುಗಿದರೆ ಭುಜ ನೋಯಬಾರದು, ಸೊಂಟ ಇಳಿಯಬಾರದು. ಮೊದಲನೆಯದು ಫೋಮಿನ ಚೂರುಗಳನ್ನೆಲ್ಲ ಒತ್ತಿ ಮಾಡಿದ್ದು, ಹಲಗೆಯ ತಮ್ಮನಂತಿತ್ತು. ಅದರಲ್ಲಿ ನನ್ನವಳ ಬೆನ್ನು ನೆಟ್ಟಗಿತ್ತು, ಭುಜ ಮಾತ್ರ ಒತ್ತುತ್ತದೆ ಎಂದಳು. ಎರಡನೆಯದು ರಬ್ಬರು ಮರದ ಹಾಲಿನಿಂದ ಮಾಡಿದ್ದಂತೆ. ಕೂತರೆ ಚೆಂಡಿನ ಹಾಗೆ ಎತ್ತಿ ಎಸೆಯುತ್ತಿತ್ತು. ಈ ವಯಸ್ಸಿನಲ್ಲಿ ಕುಣಿಯಬೇಕೇ ಎಂದು ಅದನ್ನು ಅವಳೇ ಬೇಡವೆಂದಳು.

ಮೂರನೆಯದರ ಹತ್ತಿರ ಟೇಪಿನಾಕೆ ದೊಡ್ಡವರ ಪರಿಚಯ ಮಾಡಿಕೊಡುವವರ ಹಾಗೆ ಕೈ ಚಾಚಿದಳು.

"ಇದು ಮೆಮೊರಿ ಫೋಮ್ ಅಂಕಲ್. ನೀವು ಮಲಗಿದ ಆಕಾರನ ಇದು ನೆನಪಿಟ್ಕೊಳತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂದು ಕೇಳಿದೆ. ಎದ್ದ ಮೇಲೆ ನಾಲ್ಕೈದು ಸಲ ಉಸಿರಾಡುವಷ್ಟು ಹೊತ್ತು, ಆಮೇಲೆ ಮರೆತು ಮೊದಲಿನ ಹಾಗೆ ಆಗುತ್ತದೆ ಎಂದಳು. ಅಷ್ಟಾದರೆ ಅಡ್ಡಿಯಿಲ್ಲ ಎಂದುಕೊಂಡೆ. ಸಾಕ್ಷಿ ಇದ್ದರೆ ಇಂಥ ಸಾಕ್ಷಿ ಇರಬೇಕು.

ಆಮೇಲೆ ಅವಳು ಒಂದು ಲೋಟದ ತುಂಬ ನೀರು ತಂದು ಹಾಸಿಗೆಯ ಆ ಬದಿಗಿಟ್ಟು, ಈ ಬದಿಗೆ ನನ್ನನ್ನು ಧಡಕ್ಕನೆ ಕೂತು ಏಳಲು ಹೇಳಿದಳು. ಕೂತೆ, ಎದ್ದೆ. ಲೋಟದ ನೀರಿನಲ್ಲಿ ಒಂದು ಗೆರೆ ಕೂಡ ಏಳಲಿಲ್ಲ. ನಂಬಿಕೆ ಬರದೆ ಇನ್ನೊಮ್ಮೆ ಕೂತು ಎದ್ದೆ. ಬಾವಿಯ ತಳದ ನೀರಿನಂತೆ ಶಾಂತವಾಗಿತ್ತು. ಪಕ್ಕದವರು ಎದ್ದರೂ ಹೊರಳಿದರೂ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಇದರ ದೊಡ್ಡ ಗುಣವೇ ಅದು ಎಂದು ಟೇಪಿನಾಕೆ ವಿವರಿಸಿದಳು. ಎಷ್ಟೋ ದಿನ ಸತಾಯಿಸಿದ ಬೀಗ ಕೊನೆಗೊಮ್ಮೆ ಟಕ್ಕೆಂದು ತೆರೆದುಕೊಂಡಾಗ ಆಗುವ ಸಂತೋಷ ನನ್ನ ಬೆರಳ ತುದಿಗೆ ಬಂತು.

ಅಲ್ಲಿಂದ ಮುಂದೆ ನಾನು ಮಾತಾಡಿದಷ್ಟು ಹತ್ತು ವರ್ಷದಲ್ಲಿ ಮಾತಾಡಿರಲಿಲ್ಲ. ಅವಳ ಬೆನ್ನಿನ ಬಗ್ಗೆ, ಭುಜದ ಬಗ್ಗೆ, ಅವಳಿಗೆ ಈಗ ಎಷ್ಟು ಒಳ್ಳೆಯ ನಿದ್ದೆ ಬೇಕು ಎನ್ನುವುದರ ಬಗ್ಗೆ ಹೇಳಿದೆ. ಟೇಪಿನಾಕೆ, ಅಂಕಲ್‌ಗೆ ನಿಮ್ಮ ಮೇಲೆ ಎಷ್ಟು ಕಾಳಜಿ ಎಂದು ಹೊಗಳಿದಳು. ನನ್ನವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ನಲವತ್ತಾರು ವರ್ಷದಲ್ಲಿ ನನ್ನ ಬೆನ್ನು ಇವರ ಕಣ್ಣಿಗೆ ಬಿದ್ದಿದ್ದು ಇವತ್ತೇ ನೋಡಮ್ಮ" ಎಂದಳು ಅವಳಿಗೆ.

ಆದರೂ ಮಲಗಿ ನೋಡುತ್ತೇನೆಂದು ಮಲಗಿದವಳು ಅಲ್ಲೇ ಹತ್ತು ನಿಮಿಷ ನಿದ್ದೆ ಹೋದಳು. ಅದೇ ತೀರ್ಮಾನವಾಯಿತು. ಹೊಂದದಿದ್ದರೆ ಅರವತ್ತು ದಿನದೊಳಗೆ ಒಂದು ಸಲ ಬದಲಾಯಿಸಿಕೊಳ್ಳಬಹುದು ಎಂದು ಟೇಪಿನಾಕೆ ಹೇಳಿದಾಗ, ಅದರ ಅಗತ್ಯ ಬೀಳುವುದಿಲ್ಲ ಎಂದು ನಾನೇ ಭರವಸೆ ಕೊಟ್ಟೆ.

ಹಾಸಿಗೆ ಬಂದ ಮರುದಿನವೇ ಪರೀಕ್ಷಿಸಿದೆ. ಊಟವಾಗಿ, ಅವಳ ಉಸಿರು ನಿಧಾನವಾದ ಮೇಲೆ ಮೊದಲು ಒಂದು ಕಾಲು ಇಳಿಸಿದೆ. ಕೆಮ್ಮಿಲ್ಲ. ಇನ್ನೊಂದು ಕಾಲು. ಇಲ್ಲ. ಪೂರ್ತಿ ಎದ್ದು ನಿಂತು ಹಿಂತಿರುಗಿ ನೋಡಿದರೆ, ನಾನು ಮಲಗಿದ್ದ ಜಾಗದಲ್ಲಿ ನನ್ನದೇ ಅಚ್ಚು ಇತ್ತು. ನೋಡುತ್ತಿದ್ದ ಹಾಗೇ ಅದು ಮೆಲ್ಲಗೆ ತುಂಬಿಕೊಂಡು ಮಾಯವಾಯಿತು. ಹೋಗಿ ಬಾ, ನಾನೇನೂ ನೋಡಿಲ್ಲ ಎಂದ ಹಾಗಿತ್ತು.

ಮೂರು ವಾರ ನಾನು ರಾಜನ ಹಾಗೆ ಬಾಳಿದೆ. ದಿನಕ್ಕೆ ಎರಡೇ ಬಿಸ್ಕತ್ತು, ನಡುವೆ ಕೆನೆ ಮೆತ್ತಿದ್ದು, ಮೇಲೆ ಸಕ್ಕರೆ ಹರಳು ಉದುರಿಸಿದ್ದು. ದುರಾಸೆ ಪಡಲಿಲ್ಲ. ಅತಿಯಾಸೆ ಮಾಡಿದ ಕಳ್ಳರ ಕಥೆಗಳನ್ನು ಅಂಗಡಿಯಲ್ಲಿ ಕೂತು ಬೇಕಾದಷ್ಟು ಕೇಳಿದ್ದೆ. ಎದುರಿಗಿದ್ದದ್ದು ಒಂದೇ ತೊಡಕು. ಪ್ರತಿ ಶನಿವಾರ ಬೆಳಿಗ್ಗೆ ಮಗಳು ಕೆಳಗಿಳಿದು ಬಂದು, ನನ್ನ ಬೆರಳು ಚುಚ್ಚಿ, ಸಣ್ಣ ಯಂತ್ರದಲ್ಲಿ ಸಕ್ಕರೆ ನೋಡುತ್ತಾಳೆ. ಆ ಯಂತ್ರವನ್ನು ಹೇಗೆ ತೆರೆಯುವುದು ಎಂದು ಬೀಗದವನ ಬುದ್ಧಿಯಲ್ಲಿ ಯೋಚಿಸಿದೆ. ಬೀಗದೊಳಗೆ ಒಂದು ಹಲ್ಲು ಮೇಲೆದ್ದರೆ ಇನ್ನೊಂದನ್ನು ಕೆಳಗೊತ್ತಬೇಕು, ಆಗ ಎಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಹಾಗಾಗಿ ಬಿಸ್ಕತ್ತು ಹೆಚ್ಚಿದಷ್ಟು ಊಟ ಕಡಿಮೆ ಮಾಡಿದೆ. ಹಸಿವಿಲ್ಲ ಎಂದು ಅರ್ಧ ತಟ್ಟೆಗೇ ಕೈ ತೊಳೆದು, ಸಕ್ಕರೆ ಇಳಿಸುವ ಮಾತ್ರೆಯನ್ನು ಮಾತ್ರ ನನ್ನವಳ ಎದುರಿಗೇ ನುಂಗುತ್ತಿದ್ದೆ. ಶನಿವಾರ ಯಂತ್ರ ತೋರಿಸಿದ ಅಂಕಿ ನೋಡಿ ಮಗಳು, ಅಪ್ಪ ಈಗ ದಾರಿಗೆ ಬಂದಿದ್ದಾರೆ ಎಂದಳು. ನನ್ನವಳು ನನಗಿಂತ ಹೆಚ್ಚು ಹಿಗ್ಗಿದಳು. ಅವಳ ಆ ಹಿಗ್ಗು ನೋಡಿ ಸ್ವಲ್ಪ ನಾಚಿಕೆಯಾಯಿತು. ಆದರೆ ನಾಚಿಕೆ ಮಧ್ಯಾಹ್ನದವರೆಗೆ ಉಳಿಯುವ ವಸ್ತುವಲ್ಲ.

ನಾಲ್ಕನೆಯ ವಾರದಲ್ಲಿ ಒಂದು ದಿನ ಊಟ ಇನ್ನಷ್ಟು ಕಡಿಮೆ ಮಾಡಿದೆ. ಹಿಂದಿನ ದಿನ ಎರಡರ ಜೊತೆಗೆ ಇನ್ನೆರಡು ತಿಂದಿದ್ದೆ, ಲೆಕ್ಕ ಸರಿದೂಗಿಸಬೇಕಿತ್ತು. ನಾಲ್ಕು ತುತ್ತು ತಿಂದು, ಮಾತ್ರೆ ನುಂಗಿ, ಮಲಗಿದೆ. ಅವಳಿಗೆ ನಿದ್ದೆ ಹತ್ತಿದ ಮೇಲೆ ಎದ್ದು ಹೋಗಿ ಡಬ್ಬಿ ತೆಗೆದರೆ, ತಳದಲ್ಲಿ ಬರೀ ಪುಡಿ. ಬೆಳಿಗ್ಗೆ ಮೊಮ್ಮಕ್ಕಳು ಶಾಲೆಗೆ ಹೋಗುವಾಗ ಅವಳು ಇದ್ದದ್ದನ್ನೆಲ್ಲ ಕಟ್ಟಿಕೊಟ್ಟಿದ್ದಳಂತೆ. ಅಪ್ಪಟ ಕಳ್ಳನಾಗಿದ್ದರೆ ಬೇರೆ ಡಬ್ಬಿ ಹುಡುಕುತ್ತಿದ್ದೆನೋ ಏನೋ. ನಾನು ಮುಖ ಸಣ್ಣದು ಮಾಡಿಕೊಂಡು ಬಂದು ಮಲಗಿದೆ.

ಸ್ವಲ್ಪ ಹೊತ್ತಿಗೆ ಮೈ ಬೆವೆತಿತು. ಸೆಕೆ ಎಂದುಕೊಂಡೆ. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಆಮೇಲೆ ಕೈ ನಡುಗತೊಡಗಿತು. ಕೂದಲೆಳೆಯಂಥ ತಂತಿಯನ್ನು ಬೀಗದ ಬಾಯಿಗೆ ಬಿಟ್ಟು ಒಳಗಿನ ಹಲ್ಲು ಎಣಿಸಿದ ಕೈ, ಅಂಗಿಯ ಗುಂಡಿ ಬಿಚ್ಚಲು ಹೋದರೆ ಗುಂಡಿಯನ್ನೇ ಹುಡುಕಲಾರದೆ ಹೋಯಿತು. ಸಕ್ಕರೆ ಇಳಿದರೆ ಹೀಗಾಗುತ್ತದೆ, ಆಗ ತಕ್ಷಣ ಸಿಹಿ ತಿನ್ನಬೇಕು ಎಂದು ಮಗಳು ನಮ್ಮಿಬ್ಬರಿಗೂ ಪಾಠ ಹೇಳಿದ್ದಳು. ನನಗೆ ನೆನಪಾಯಿತು. ಆದರೆ ಏಳಲು ಹೋದರೆ ಕಾಲು ನನ್ನದಲ್ಲ. ಅವಳನ್ನು ಕೂಗಿದೆ. ಬಾಯಿಂದ ಬಂದದ್ದು ಫ್ಯಾನಿನ ಸದ್ದಿಗಿಂತ ಸಣ್ಣದಾಗಿತ್ತು.

ಹಾಸಿಗೆ ಅಲುಗಿಸಿದರಾಯಿತು ಎಂದು ಕೈಯೆತ್ತಿ ಬಡಿದೆ. ಕೈ ಹಿಟ್ಟಿನ ಮುದ್ದೆಯೊಳಗೆ ಹೋದ ಹಾಗೆ ಒಳಗಿಳಿಯಿತು. ಇನ್ನೊಮ್ಮೆ ಬಡಿದೆ, ಹಿಮ್ಮಡಿಯಿಂದ ಒದ್ದೆ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಮೈ ಕುಲುಕಿದೆ. ಹಾಸಿಗೆ ಎಲ್ಲವನ್ನೂ ನುಂಗಿಕೊಂಡಿತು. ಆ ಗಳಿಗೆಯಲ್ಲಿ ನನ್ನ ಕೈಗೆ ಎಟುಕದ ಒಂದು ಮೊಳದಾಚೆ ಅವಳು ಕೆನ್ನೆಯ ಕೆಳಗೆ ಕೈಯಿಟ್ಟು, ಬೆನ್ನುನೋವಿಲ್ಲದೆ, ಮಗುವಿನ ಹಾಗೆ ಮಲಗಿದ್ದಳು. ನಾನೇ ಆರಿಸಿ, ನಾನೇ ಹೊಗಳಿ ತಂದ ಹಾಸಿಗೆ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಅವಳ ಜಡೆ ದಿಂಬಿನಿಂದ ಜಾರಿ ಈ ಕಡೆ ಬಿದ್ದಿತ್ತು. ಕಣ್ಣು ಮಂಜಾಗುತ್ತಿದ್ದರೂ ಅದು ಕಂಡಿತು. ಬೆರಳಿಗೆ ಸುತ್ತಿಕೊಂಡು ಎಳೆದೆ.

ಅವಳು ಎದ್ದದ್ದು ಕೋಪದಿಂದಲೇ. ನನ್ನ ಕೈಗೆ ಫಟೀರೆಂದು ಒಂದು ಏಟು ಬಿತ್ತು. ಆಮೇಲೆ ನನ್ನ ಮುಖ ನೋಡಿದಳು. ಅವಳು ಅಡುಗೆಮನೆಗೆ ಓಡಿದ್ದು ನನಗೆ ಕಾಣಲಿಲ್ಲ, ಬಂದದ್ದಷ್ಟೇ ಗೊತ್ತು. ತಲೆ ಎತ್ತಿ ಎದೆಗೊರಗಿಸಿಕೊಂಡು, ದವಡೆ ಒತ್ತಿ ಬಾಯಿ ಬಿಡಿಸಿ, ಸಕ್ಕರೆ ಕದಡಿದ ನೀರನ್ನು ಚಮಚ ಚಮಚವಾಗಿ ಗುಟುಕಿಸಿದಳು. ಇಷ್ಟು ವರ್ಷ ಯಾವ ಬಾಯಿಗೆ ಕಾವಲಿದ್ದಳೋ ಅದೇ ಬಾಯಿಗೆ. ನಾನು ಬದುಕಿನಲ್ಲಿ ತಿಂದ ಸಿಹಿಯಲ್ಲಿ ರುಚಿಯೇ ಇಲ್ಲದ್ದು ಅದೊಂದೇ.

ಅರ್ಧ ಗಂಟೆಯಲ್ಲಿ ಕೈಕಾಲು ನನ್ನವಾದವು. ಮಗಳು ಅಂಗಡಿಯಿಂದ ಓಡಿಬಂದು, ಬೆರಳು ಚುಚ್ಚಿ ನೋಡಿ, ಡಾಕ್ಟರಿಗೆ ಫೋನು ಮಾಡಿ, ಇಬ್ಬರಿಗೂ ಬೈದು ಮೇಲೆ ಹೋದಳು. ಆಮೇಲೆ ನಾನು ನನ್ನವಳಿಗೆ ಎಲ್ಲವನ್ನೂ ಹೇಳಿದೆ, ಬಿಸ್ಕತ್ತು, ಅರ್ಧ ತಟ್ಟೆ ಊಟ, ಲೋಟದ ನೀರು ನೋಡಿ ನಾನು ಹಿಗ್ಗಿದ್ದು, ಒಂದನ್ನೂ ಬಿಡಲಿಲ್ಲ. ಬೈಗುಳಕ್ಕೆ ಬೆನ್ನು ಒಡ್ಡಿ ಕೂತೆ. ಅವಳು ಬೈಯಲಿಲ್ಲ. ಚಮಚವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಅದು ಒಣಗಿ ಎಷ್ಟೋ ಹೊತ್ತಾಗಿತ್ತು.

"ನಾನು ಪಕ್ಕದಲ್ಲೇ ಇದ್ನಲ್ರೀ" ಎಂದಳು ಕೊನೆಗೆ. "ಪಕ್ಕದಲ್ಲೇ ಇದ್ದೆ. ನಂಗೇ ಗೊತ್ತಾಗ್ಲಿಲ್ಲ."

ಮರುದಿನದಿಂದ ಅವಳು ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ನನ್ನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ರಾತ್ರಿಯೂ ನನ್ನ ಅಂಗಿಯ ಚುಂಗನ್ನು ಕೈಯಲ್ಲಿ ಹಿಡಿದೇ ಮಲಗುತ್ತಿದ್ದಳು, ನಿದ್ದೆ ಬಂದಂತಿರಲಿಲ್ಲ. ನಾಲ್ಕು ದಿನಕ್ಕೆ ಅವಳ ಕಣ್ಣ ಕೆಳಗೆ ಕಪ್ಪು ಇಳಿಯಿತು, ಕುರ್ಚಿಯಲ್ಲಿ ಕೂತು ಕೂತು ಬೆನ್ನುನೋವು ಮರಳಿ ಬಂತು. ನಾನೀಗ ಹೊಟ್ಟೆ ತುಂಬ ಉಣ್ಣುತ್ತೇನೆ, ಕಪಾಟಿನ ಕಡೆ ತಲೆ ಹಾಕುವುದಿಲ್ಲ ಎಂದು ಎಷ್ಟು ಹೇಳಿದರೂ ತಲೆಯಾಡಿಸುತ್ತಿದ್ದಳು, ಕುರ್ಚಿ ಬಿಡುತ್ತಿರಲಿಲ್ಲ. ಹಾಸಿಗೆ ಬದಲಾಯಿಸೋಣ ಎಂದೆ. ಬೆನ್ನಿಗೆ ಹಿತವಾಗಿದೆ, ಇರಲಿ ಎಂದಳು. ಕುರ್ಚಿಯ ಮೇಲೆ ಕೂತಿರುವ ಬೆನ್ನಿಗೆ ಹಾಸಿಗೆ ಹಿತವಾಗಿದ್ದರೆ ಏನು, ಬಿಟ್ಟರೆ ಏನು ಎಂದು ನಾನು ಕೇಳಿದ ಮೇಲೆ ಅವಳು ಎದ್ದು ಹಾಸಿಗೆಯಂಗಡಿಯ ರಸೀದಿ ಹುಡುಕಿ ತೆಗೆದಳು.

ಅಂಗಡಿಯಲ್ಲಿ ಟೇಪಿನಾಕೆ ಒಂದು ಕಾಗದ ಹಿಡಿದುಕೊಂಡು ಕೂತಳು. ಬದಲಾಯಿಸಲು ಕಾರಣ ಬರೆಯಬೇಕಂತೆ. ತುಂಬ ಮೆತ್ತಗಾಯಿತೇ, ಸೆಕೆಯಾಯಿತೇ, ವಾಸನೆಯೇ ಎಂದು ಒಂದೊಂದಾಗಿ ಕೇಳಿದಳು. ಎಲ್ಲಕ್ಕೂ ಇಲ್ಲ ಎಂದು ತಲೆಯಾಡಿಸಿದ ನನ್ನವಳು ಕೊನೆಗೆ ಬಾಯಿಬಿಟ್ಟಳು.

"ಹಾಸಿಗೆಗೆ ಕೊರತೆ ಇಲ್ಲಮ್ಮ. ಗಂಡ ಇದ್ದಾರೋ ಇಲ್ವೋ ಗೊತ್ತಾಗಲ್ಲ ಅಂತ ಬರ್ಕೋ."

ಟೇಪಿನಾಕೆ ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದಳು. ನಾನು ಚಾವಣಿ ನೋಡಿದೆ. ಆಮೇಲೆ ನನ್ನವಳು ನಡೆದದ್ದನ್ನು ಅವಳಿಗೆ ಎರಡು ಮಾತಿನಲ್ಲಿ ಹೇಳಿ, ಹಾಸಿಗೆಗಳನ್ನು ಈ ಸಲ ತಾನೇ ಪರೀಕ್ಷಿಸುತ್ತೇನೆ, ಲೋಟ ಬೇಡ ಎಂದಳು. ಪರೀಕ್ಷೆ ಹೀಗೆ: ಅವಳು ಕಣ್ಣು ಮುಚ್ಚಿ ಒಂದು ಬದಿಗೆ ಮಲಗುವುದು, ನಾನು ಇನ್ನೊಂದು ಬದಿಯಿಂದ ನನ್ನ ಪೂರ್ತಿ ಕೈಚಳಕ ತೋರಿಸಿ ಎದ್ದುಹೋಗುವುದು. ಬೇಕೆಂದೇ ಸದ್ದು ಮಾಡಿದರೆ ಒಪ್ಪುವುದಿಲ್ಲ, ನಿಜವಾದ ಕಳ್ಳತನವೇ ಆಗಬೇಕು ಎಂದು ಮೊದಲೇ ಎಚ್ಚರಿಸಿದಳು.

ರಬ್ಬರಿನ ಹಾಲಿನದರಲ್ಲಿ ನಾನು ಮೈ ಅಲುಗಿಸುವ ಮೊದಲೇ ಅವಳು ಎದ್ದು ಕೂತಳು. ಉಸಿರಾಡಿದರೂ ತೂಗುತ್ತದೆ, ಹೀಗಾದರೆ ತನಗೆ ಜನ್ಮದಲ್ಲಿ ನಿದ್ದೆ ಬರುವುದಿಲ್ಲ ಎಂದಳು. ಇನ್ನೊಂದರಲ್ಲಿ ನಾನು ಎದ್ದು, ಅಂಗಡಿಯ ಬಾಗಿಲವರೆಗೆ ಹೋಗಿ, ತಿರುಗಿ ಬಂದು ನಿಂತರೂ ಅವಳು, ಹೂಂ, ಇನ್ನು ಶುರುಮಾಡಿ ಎನ್ನುತ್ತ ಮಲಗಿಯೇ ಇದ್ದಳು. ಅಷ್ಟರಲ್ಲಿ ಬೇರೆ ಗಿರಾಕಿಗಳು ನಾಲ್ಕೈದು ಜನ ಸುತ್ತ ಸೇರಿದ್ದರು.

ಟೇಪಿನಾಕೆ ಯೋಚಿಸಿ, ಮೂಲೆಯಲ್ಲಿದ್ದ ಮತ್ತೊಂದನ್ನು ತೋರಿಸಿದಳು. ಒತ್ತಿ ಮಾಡಿದ ಅದೇ ಗಟ್ಟಿ ಫೋಮು, ಆದರೆ ಭುಜ ಒತ್ತದ ಹಾಗೆ ಮೇಲೆ ಎರಡು ಬೆರಳು ದಪ್ಪದ ಮೆತ್ತನೆಯ ಪದರ. ನನ್ನವಳು ಮಲಗಿ, ನಡುವಿನ ಕೆಳಗೆ ಕೈ ತೂರಿಸಿ ನೋಡಿ, ಸರಿಯಿದೆ ಎಂದು ಕಣ್ಣು ಮುಚ್ಚಿದಳು. ನಾನು ಪಕ್ಕದಲ್ಲಿ ಮಲಗಿ ಅವಳ ಉಸಿರು ನಿಧಾನವಾಗುವವರೆಗೆ ಕಾದೆ. ಆಮೇಲೆ, ದೇವರಾಣೆ, ನನ್ನ ಆಯುಷ್ಯದಲ್ಲಿ ಕಲಿತದ್ದನ್ನೆಲ್ಲ ಬಳಸಿದೆ. ಸುತ್ತಲಿನವರೂ ಉಸಿರು ಬಿಗಿಹಿಡಿದರು.

"ಎಡಗಾಲು ಕೆಳಗಿಟ್ರು" ಎಂದಳು ಕಣ್ಣು ಮುಚ್ಚಿಕೊಂಡೇ. ಎಲ್ಲರೂ ನನ್ನ ಎಡಗಾಲು ನೋಡಿದರು. "ಬಲಗಾಲು ಇನ್ನೂ ಮೇಲಿದೆ. ಈಗ ಮೊಣಕೈ ಊರಿದ್ರು."

ಯಾರೋ ಕಿಸಕ್ಕೆಂದರು. ನನಗೆ ಸ್ವಲ್ಪ ಅವಮಾನವಾಯಿತು, ಸುಳ್ಳೇಕೆ. ಕಾಲನ್ನು ಮೆಲ್ಲಗೆ ಮೇಲೆಳೆದುಕೊಂಡು, ಕೊರಡಿನ ಹಾಗೆ ಸುಮ್ಮನೆ ಬಿದ್ದುಕೊಂಡೆ. ನನ್ನ ಪಕ್ಕದ ಸಣ್ಣ ಮೇಜಿನ ಮೇಲೆ ಗಿರಾಕಿಗಳಿಗೆಂದು ಇಟ್ಟ ಪೆಪ್ಪರಮಿಂಟಿನ ಬಟ್ಟಲಿತ್ತು. ಪರೀಕ್ಷೆ ಎಂದ ಮೇಲೆ ಅರೆಬರೆ ಆಗಬಾರದು. ಮೈ ಅಲುಗಿಸದೆ ಬರೀ ತೋಳನ್ನು ಚಾಚಿ, ಎರಡೇ ಬೆರಳಿನಲ್ಲಿ ಒಂದನ್ನು ಎತ್ತಿದೆ. ಕಾಗದ ಕೂಡ ಪಿಸುಗುಡಲಿಲ್ಲ.

"ಅದನ್ನ ಅಲ್ಲೇ ಇಡಿ."

ಇಟ್ಟೆ.

"ಇದನ್ನೇ ಬರ್ಕೊಳ್ಳಲಾ ಆಂಟಿ?" ಎಂದು ಟೇಪಿನಾಕೆ ನಗು ತಡೆದುಕೊಂಡು ಕೇಳಿದಳು.

ನನ್ನವಳು ಆ ಬದಿಗೆ ತಿರುಗಿ, ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡಿದ್ದಳು. ಈ ಸಲ ನಾಟಕದ ಉಸಿರಲ್ಲ, ಐದು ದಿನದ ನಿದ್ದೆ. ಎಬ್ಬಿಸಲೇ ಎಂದು ಟೇಪಿನಾಕೆ ಕಣ್ಣಿನಲ್ಲೇ ಕೇಳಿದಳು. ಬೇಡ, ಇದೇ ಇರಲಿ, ಬರೆದುಕೊಳ್ಳಿ ಎಂದು ಕೈಸನ್ನೆ ಮಾಡಿದೆ. ಜನ ಒಬ್ಬೊಬ್ಬರಾಗಿ ಸರಿದುಹೋದರು. ಎದ್ದರೆ ಅವಳಿಗೆ ಎಚ್ಚರವಾದೀತೆಂದು ನಾನು ಮಲಗಿದಲ್ಲೇ ಮಲಗಿದ್ದೆ, ಕಾಲು ಜೋಮು ಹಿಡಿದರೂ ಹೊರಳಲಿಲ್ಲ. ಬಟ್ಟಲು ಒಂದು ಗೇಣಿನಾಚೆ ಇತ್ತು. ಆ ಕಡೆ ನೋಡಲೇ ಇಲ್ಲ ಎಂದು ಹೇಳಿದರೆ ಸುಳ್ಳಾದೀತು.